ನಡುವಿನ ತೊಂಬತ್ತೊಂದು ಚಿತ್ರಗಳು

ಬೆಳಕವಾಡಿಯ ನಾಗರತ್ನ ಜನರನ್ನು ಮುಖ ನೋಡಿ ಗುರುತಿಸುವುದು ಕಡಿಮೆ. ಬೀದಿಯ ಆ ತುದಿಯ ತಿರುವಿನಿಂದ ಯಾರಾದರೂ ಹೊರಬಂದರೆ, ಮೊಣಕಾಲು ಎಷ್ಟು ಮಡಿಯಿತು, ಯಾವ ಹೆಗಲು ಮೊದಲು ಇಳಿಯಿತು ಎಂಬುದರಲ್ಲೇ ಆಳು ಯಾರೆಂದು ಹೇಳಿಬಿಡುತ್ತಾಳೆ. ಅವಳ ಗಂಡ ಸಿದ್ದರಾಜು ಊರಿನ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಕೆಲಸದವನು. ಅವನು ಅಂಗಳದಲ್ಲಿ ಬೈಕು ನಿಲ್ಲಿಸಿ ಎರಡು ಹೆಜ್ಜೆ ಇಡುವುದರೊಳಗೆ ಅವಳು ಕಿಟಕಿಯಿಂದಲೇ ಕೇಳುತ್ತಾಳೆ: “ಇವತ್ತು ಯಾರ್ ಕೂಡೆ ಜಗಳ ಆಡ್ಕೊಂಡ್ ಬಂದ್ರಿ?”

“ನಿನ್ ಕಣ್ಣು ಸೇದೋಗ! ಮನ್ಸ ಮನೇಗೆ ಬರೋ ಅಂಗೂ ಇಲ್ವಾ?” ಎಂದು ಅವನು ನಗುತ್ತಾನೆ.

ಈ ಕಣ್ಣು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಹನ್ನೆರಡು ವರ್ಷ ಸೋಮನಹಳ್ಳಿಯಲ್ಲಿ ಕೂತು ದುಡಿದು ಸಂಪಾದಿಸಿದ್ದು.

ಹತ್ತನೇ ತರಗತಿ ಮುಗಿಸಿ, ರಂಗೋಲಿ ಚೆನ್ನಾಗಿ ಹಾಕುತ್ತಾಳೆ ಎಂಬ ಒಂದೇ ಅರ್ಹತೆಯ ಮೇಲೆ ಅವಳು ಆ ಕೆಲಸಕ್ಕೆ ಸೇರಿದ್ದಳು. ಹೆದ್ದಾರಿ ಪಕ್ಕದ ಒಂದು ಕಟ್ಟಡ. ಕೆಳಗೆ ಪ್ಲಾಸ್ಟಿಕ್ ಡಬ್ಬಿ ಮಾಡುವ ಕಾರ್ಖಾನೆ, ಮೇಲೆ ಸ್ಟುಡಿಯೊ ಎಂಬ ಉದ್ದನೆಯ ಕೋಣೆ. ಅಲ್ಲಿ ಇಪ್ಪತ್ತಾರು ಹುಡುಗಿಯರು ಗಾಜಿನ ಮೇಜುಗಳ ಮುಂದೆ ಸಾಲಾಗಿ ಕೂತಿರುತ್ತಿದ್ದರು. ಗಾಜಿನ ಅಡಿಯಲ್ಲಿ ಟ್ಯೂಬ್‌ಲೈಟು. ಕೆಳಗಿನ ಹಾಳೆಯ ಗೆರೆ ಮೇಲಿನ ಹಾಳೆಗೆ ಕಾಣಲೆಂದು ಆ ಬೆಳಕು. ದೂರದ ದೇಶಗಳ ಮಕ್ಕಳು ನೋಡುವ ಗೊಂಬೆಚಿತ್ರಗಳು ಅಲ್ಲಿ ಕೈಯಿಂದಲೇ ಹುಟ್ಟುತ್ತಿದ್ದವು, ಒಂದೊಂದೇ ಹಾಳೆಯಾಗಿ.

ಮುಖ್ಯ ಚಿತ್ರಗಾರ ಚಲುವರಾಜು, ಮದ್ದೂರಿನವರು. ಹುಡುಗಿಯರೆಲ್ಲ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಒಂದು ಕರಡಿ ಎದ್ದು ನಿಲ್ಲಬೇಕಾದರೆ, ಕೂತ ಕರಡಿಯನ್ನೂ ನಿಂತ ಕರಡಿಯನ್ನೂ ಅವರು ಬರೆಯುತ್ತಿದ್ದರು. ಅದಕ್ಕೆ ಕೀ ಎಂದು ಹೆಸರು. ಈ ಎರಡು ಕೀಗಳ ನಡುವಿನ ಏಳೋ ಎಂಟೋ ಚಿತ್ರಗಳನ್ನು ಬರೆಯುವುದು ಹುಡುಗಿಯರ ಕೆಲಸ. ತೆರೆಯ ಮೇಲೆ ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಓಡುತ್ತವೆ. ನಡುವಿನ ಒಂದು ಚಿತ್ರವನ್ನು ಯಾರೂ ಬಿಡಿಯಾಗಿ ನೋಡುವುದಿಲ್ಲ. ಆದರೆ ಕರಡಿಗೆ ಜೀವ ಇದೆಯೋ ಇಲ್ಲವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

“ಸರಿ ಅರ್ಧಕ್ಕೆ ಗೆರೆ ಎಳೆದ್ರೆ ಕರಡಿ ಎದ್ದೇಳಲ್ಲ ಕಣ್ರಮ್ಮ, ನೀರಲ್ಲಿ ತೇಲ್ತದೆ,” ಎನ್ನುತ್ತಿದ್ದರು ಮೇಷ್ಟ್ರು. “ಭಾರ ಎಲ್ಲದೆ ನೋಡಿ. ಎದ್ದೇಳೋಕ್ ಮುಂಚೆ ಅದು ಒಂಚೂರು ಕೆಳಗೆ ಕುಸೀಬೇಕು. ನಿಮ್ ಅಜ್ಜೀರು ಎದ್ದೇಳಾದು ನೋಡಿಲ್ವಾ?”

ಬರೆಯುವ ಮುಂಚೆ ನಡೆದು ನೋಡಬೇಕು ಎಂಬುದು ಆ ಕೋಣೆಯ ಕಟ್ಟಳೆ. ಬಾತುಕೋಳಿಯ ದೃಶ್ಯ ಬಂದರೆ ಇಪ್ಪತ್ತಾರು ಜನವೂ ಎದ್ದು ಬಾತುಕೋಳಿಯಂತೆ ಓಡಾಡುತ್ತಿದ್ದರು. ಎದುರಿನ ಟೀ ಅಂಗಡಿಯಲ್ಲಿ ನಿಂತ ಲಾರಿ ಡ್ರೈವರುಗಳು ಕಿಟಕಿಯತ್ತ ನೋಡಿ ಲೋಟ ಬಾಯಿಗಿಡುವುದನ್ನೇ ಮರೆಯುತ್ತಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು. ಕೀಯಲ್ಲಿ ಇಲ್ಲದ್ದನ್ನು ನಡುವಿನವಳು ಸೇರಿಸಕೂಡದು. ಒಂದು ರೆಪ್ಪೆಯನ್ನೂ ಮಿಟುಕಿಸಕೂಡದು.

ಹದಿನಾರು ವರ್ಷದ ಹಿಂದೆ ಕಂಪ್ಯೂಟರು ಬಂದು ಆ ಕೋಣೆ ಮುಚ್ಚಿತು. ನಾಗರತ್ನ ಗಂಡನ ಊರಿಗೆ ಬಂದಳು. ಮಳವಳ್ಳಿಯ ಟೈಲರುಗಳಿಗೆ ರವಿಕೆಯ ಕಸೂತಿಗೆ ಬೇಕಾದ ಹೂಬಳ್ಳಿ ಬರೆದುಕೊಡುತ್ತ ಉಳಿದಳು. ಬರುವಾಗ ತನ್ನ ಗಾಜಿನ ಮೇಜನ್ನು ತಂದಿದ್ದಳು. ಅದರ ಮೇಲೆ ಈಗ ಹೂವು, ನವಿಲು, ಮಾವಿನಕಾಯಿ. ಯಾವುದೂ ನಡೆಯುವುದಿಲ್ಲ.

ಹೋದ ವರ್ಷ ಯುಗಾದಿ ಕಳೆದ ವಾರ, ಮೇಷ್ಟ್ರ ಮಗಳು ಗಗನ ಫೋನು ಮಾಡಿದಳು. ಅವಳು ಮದ್ದೂರಿನಲ್ಲಿ ಶಾಲೆಯ ಟೀಚರು. “ಆಂಟಿ, ಅಪ್ಪಂಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯ್ತು. ಬಲಗೈ ಏಳಲ್ಲ. ಕಣ್ಣೂ ಮಂಜಾಗ್ತಿದೆ. ನಿಮ್ಮನ್ನೇ ಕರೆಸು ಅಂತ ಹಟ ಹಿಡಿದು ಕೂತಿದ್ದಾರೆ.”

ನಾಗರತ್ನ ಹೋದಳು. ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತು ಹೋದ ವಸ್ತುವಿನಂತಿತ್ತು. ಮಾತು ನಿಧಾನ, ಆದರೆ ಸ್ಪಷ್ಟ.

“ದಪ್ಪ ಆಗಿದ್ದೀಯ ಕಣಮ್ಮ. ಈಗ ನಿನ್ನ ಬರೆಯೋಕೆ ಎರಡು ಹಾಳೆ ಬೇಕು.”

“ನಿಮ್ ಬಾಯಿಗೇನೂ ಆಗಿಲ್ಲ ಬುಡಿ ಮೇಷ್ಟ್ರೇ,” ಎಂದಳು ಅವಳು. ಅವರು ನಕ್ಕರು. ನಗು ಮುಖದ ಒಂದೇ ಬದಿಗೆ ಬಂತು.

ಅವರು ತೋರಿಸಿದ ಕಟ್ಟಿನಲ್ಲಿ ಹದಿನಾಲ್ಕು ಕೀಗಳಿದ್ದವು. ಕಾಯಿಲೆ ಬೀಳುವ ಮುಂಚೆ ಬರೆದವು. ಒಬ್ಬ ಹೆಂಗಸು, ಬೆನ್ನು ನಮ್ಮ ಕಡೆಗೆ. ಎರಡು ಗೋಡೆಗಳ ನಡುವಿನ ಓಣಿಯಲ್ಲಿ ದೂರ ಹೋಗುತ್ತಿದ್ದಾಳೆ. ಒಂದೊಂದು ಕೀಯಲ್ಲೂ ಒಂದು ಹೆಜ್ಜೆ ನೆಲ ಮುಟ್ಟಿದೆ, ಮೈ ಸ್ವಲ್ಪ ಸಣ್ಣದಾಗಿದೆ. ಮೂಲೆಯಲ್ಲಿ ಒಂದು, ಒಂಬತ್ತು, ಹದಿನೇಳು ಎಂದು ನೂರ ಐದರವರೆಗೆ ಅಂಕಿಗಳು. ನಡುವೆ ತೊಂಬತ್ತೊಂದು ಚಿತ್ರ ಬೇಕು. ಎಲ್ಲ ಸೇರಿದರೆ ತೆರೆಯ ಮೇಲೆ ಒಂಬತ್ತು ಸೆಕೆಂಡು.

“ನಮ್ಮವ್ವ,” ಎಂದರು ಮೇಷ್ಟ್ರು. “ಸಣ್ಣತಾಯಮ್ಮ ಅಂತ. ನಿಮ್ಮ ಬೆಳಕವಾಡೀಲೇ ನಮ್ಮನೆ ಇದ್ದದ್ದು. ನಂಗೆ ಎಂಟು ವರ್ಷ. ಒಂದಿನ ಮಧ್ಯಾಹ್ನ ನನ್ನ ಹೊಸಲ ಮೇಲೆ ಕೂರಿಸಿ ನಡ್ಕೊಂಡು ಹೋದ್ಲು. ಬರ್ಲಿಲ್ಲ. ‘ನಿಮ್ಮವ್ವ ನಮ್ಮನ್ನೆಲ್ಲ ಬುಟ್ಟು ಒಂಟೋದ್ಲು’ ಅಂದ ನಮ್ಮಪ್ಪ. ಆಮೇಲೆ ನನ್ನ ಮದ್ದೂರಿಗೆ ತಂದು ಅತ್ತೆ ಮನೇಲಿ ಬುಟ್ಟ. ಒಂದು ಫೋಟೊ ಇಲ್ಲ. ಮುಖ ನೆನಪಿಲ್ಲ ಕಣಮ್ಮ. ಬೆನ್ನು ನೆನಪದೆ.”

ನಾಗರತ್ನ ಮೊದಲ ಕೀಯನ್ನು ಎತ್ತಿ ಬೆಳಕಿಗೆ ಹಿಡಿದಳು.

“ಐವತ್ತಾರು ವರ್ಷದಿಂದ ಒಂದೇ ಪ್ರಶ್ನೆ. ಹೋಗುವಾಗ ಅವಳ ಕಾಲು ಹಗುರಾಗಿತ್ತಾ, ಭಾರವಾಗಿತ್ತಾ? ಸಾಕಪ್ಪ ಅಂತ ಹೋದ್ಲಾ, ಇಲ್ಲ ಒಂದು ಹೆಜ್ಜೇಲಾದ್ರೂ ನಾನು ಇದ್ದೆನಾ? ಮುಖ ಸುಳ್ಳು ಹೇಳಬಹುದು, ನಡಿಗೆ ಹೇಳಲ್ಲ. ಕಣ್ಣು ಪೂರ್ತಿ ಹೋಗೋ ಮುಂಚೆ ನೋಡಬೇಕು. ನಿನ್ ಕೈಯಲ್ಲಿ ಮಾತ್ರ ಆಗೋದು.”

ಸಾಮಾನ್ಯವಾಗಿ ಕೀಯ ಅಂಚಿನಲ್ಲಿ ಪುಟ್ಟ ಏಣಿಯಂಥ ಗುರುತು ಇರುತ್ತದೆ. ಯಾವ ನಡುಚಿತ್ರ ಎಷ್ಟು ದೂರಕ್ಕೆ ಬೀಳಬೇಕೆಂದು ಅದು ಹೇಳುತ್ತದೆ. ಈ ಹಾಳೆಗಳಲ್ಲಿ ಏಣಿ ಇರಲಿಲ್ಲ. ಅದನ್ನು ಬರೆಯುವ ಮುಂಚೆ ಮೇಷ್ಟ್ರ ಕೈ ಬಿದ್ದುಹೋಗಿತ್ತು.

“ಎಂಗೆ ಹಂಚಲಿ?”

“ಸಮವಾಗಿ ಹಾಕು. ನಾನೇನೂ ಹೇಳಿಕೊಡಲ್ಲ. ಹೇಳಿಕೊಟ್ರೆ ನಂಗೆ ಬೇಕಾದಂಗೆ ನಡೀತಾಳೆ.”

ಆ ವಾರವೇ ನಾಗರತ್ನ ಕೆಲಸ ಹಿಡಿದಳು. ನವಿಲುಗಳನ್ನು ಪಕ್ಕಕ್ಕಿಟ್ಟಳು. ಕೆಳಗೆ ಒಂದನೇ ಕೀ, ಅದರ ಮೇಲೆ ಒಂಬತ್ತನೆಯದು, ಎಲ್ಲಕ್ಕೂ ಮೇಲೆ ಬಿಳಿ ಹಾಳೆ. ಮೂರೂ ಹಾಳೆಯ ತೂತುಗಳು ಮೇಜಿನ ಮೂರು ಗೂಟಗಳಲ್ಲಿ ಭದ್ರವಾಗಿ ಕೂತವು. ಮೇಷ್ಟ್ರು ಹೇಳಿದಂತೆ ಸಮವಾಗಿಯೇ ಹಂಚಿದಳು. ಇಪ್ಪತ್ತು ದಿನದಲ್ಲಿ ತೊಂಬತ್ತೊಂದೂ ಮುಗಿದವು. ಫೋನನ್ನು ಒಂದು ಡಬ್ಬಿಗೆ ಒರಗಿಸಿ ಒಂದೊಂದೇ ಹಾಳೆಯ ಫೋಟೊ ತೆಗೆದು ಓಡಿಸಿದಳು.

ಹೆಂಗಸು ಓಣಿಯಲ್ಲಿ ಹೋದಳು. ಆದರೆ ನಡೆಯಲಿಲ್ಲ. ಕಾಲುಗಳು ಆಡುತ್ತಿದ್ದವು, ಪಾದ ನೆಲವನ್ನು ಮುಟ್ಟುತ್ತಲೂ ಇತ್ತು, ನೆಲಕ್ಕೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ. ಸೆರಗಿನಡಿಯ ಮೈ ಒಂದೇ ಎತ್ತರದಲ್ಲಿ, ಹಗ್ಗ ಕಟ್ಟಿ ಎಳೆದಂತೆ, ದೂರಕ್ಕೆ ಜಾರಿ ಸಣ್ಣದಾಗುತ್ತ ಹೋಯಿತು.

ಊಟಕ್ಕೆ ಕೂತಿದ್ದ ಸಿದ್ದರಾಜು ಬಗ್ಗಿ ನೋಡಿದ. ತುತ್ತು ಕೈಯಲ್ಲೇ ನಿಂತಿತು. “ಯಾರ್ಲೇ ಇದು? ಆಫ್ ಮಾಡು ಅತ್ಲಾಗೆ. ಉಣ್ಣೋಕ್ ಬುಡು.”

“ಚಿತ್ರ ಕಣ್ರೀ.”

“ಚಿತ್ರನೋ ಏನೋ. ಇದಕ್ಕೆ ಪ್ರಾಣ ಇಲ್ಲ. ಆದ್ರೂ ಓಯ್ತಾ ಅದೆ.”

ಅವನ ಮಾತು ಸರಿಯಾಗಿತ್ತು. ನಾಗರತ್ನ ಮೊದಲಿಂದ ಶುರು ಮಾಡಿದಳು. ಈ ಸಲ ಸಮ ಅಸಮದ ಯೋಚನೆ ಬಿಟ್ಟು ಕೀಗಳನ್ನೇ ನೋಡುತ್ತ ಕೂತಳು. ಸೊಂಟ ಎಲ್ಲಿ ವಾಲಿದೆ, ಹೆಗಲು ಎಲ್ಲಿ ಇಳಿದಿದೆ, ಸೀರೆಯ ನಿರಿಗೆ ಯಾವ ಕಡೆ ಜಗ್ಗಿದೆ. ಭಾರ ಎಲ್ಲಿದೆಯೋ ಅಲ್ಲಿ ಚಿತ್ರಗಳನ್ನು ಒತ್ತೊತ್ತಾಗಿ ಇಟ್ಟಳು, ಇಲ್ಲದ ಕಡೆ ದೂರ ದೂರ. ಮೊದಲ ಮೂರು ಹೆಜ್ಜೆ ಮುಗಿದ ಮೇಲೆ ಹಾಳೆಗಳನ್ನು ಬೆರಳುಗಳ ಸಂದಿಯಲ್ಲಿ ಹಿಡಿದು ಹಿಂದೆ ಮುಂದೆ ಹಾರಿಸಿದಳು. ಸ್ಟುಡಿಯೊದ ಹುಡುಗಿಯರೆಲ್ಲ ಹೀಗೆಯೇ ನೋಡುತ್ತಿದ್ದದ್ದು.

ಹೆಂಗಸು ನಡೆದಳು. ನೆಲವನ್ನು ಮೆಟ್ಟಿ ನಡೆದಳು. ಆದರೆ ಎಡಗಾಲು ನೆಲ ಮುಟ್ಟಿದ ಕೂಡಲೇ ಮೈ ಬಲಕ್ಕೆ ಹಾರುತ್ತಿತ್ತು. ಕುಂಟು.

ನಾಗರತ್ನ ಹಾಳೆಗಳನ್ನು ಮತ್ತೊಮ್ಮೆ ಹಾರಿಸಿದಳು. ಕೀಯಲ್ಲಿ ಇಲ್ಲದ್ದನ್ನು ಸೇರಿಸಿದೆನೇ? ತೂತು ಸಡಿಲವಾಗಿರಬಹುದು ಎಂದುಕೊಂಡಳು. ಹಾಳೆಯ ತೂತು ಸವೆದರೆ ಚಿತ್ರ ಒಂದು ಕೂದಲಿನಷ್ಟು ಜರುಗುತ್ತದೆ, ತೆರೆಯ ಮೇಲೆ ಅದು ಎಡವಿದಂತೆ ಕಾಣುತ್ತದೆ. ಈ ಕಸುಬಿನಲ್ಲಿ ಎಲ್ಲರೂ ಮಾಡುವ ತಪ್ಪು ಅದು. ಸ್ಕೇಲು ಹಿಡಿದು ಅಳೆದಳು. ತೂತುಗಳು ಸರಿಯಾಗಿದ್ದವು. ಹೊಸ ಹಾಳೆಯಲ್ಲಿ ಆ ಹೆಜ್ಜೆಯನ್ನು ಮತ್ತೆ ಬರೆದಳು. ಮತ್ತೆ ಎಡಗಾಲು ಹಾರಿತು. ಮೂರನೆಯ ಸಲ ಉಸಿರು ಬಿಗಿಹಿಡಿದು, ಕೈಯನ್ನು ಹಟದಿಂದ ನಡುವಿಗೇ ತಂದು ಬರೆದಳು. ಆಗ ಹೆಂಗಸು ಮತ್ತೆ ತೇಲಿದಳು.

ಎರಡೇ ದಾರಿ. ತೇಲಬೇಕು, ಇಲ್ಲವೇ ಕುಂಟಬೇಕು. ನೇರವಾಗಿ ನಡೆಯುವ ದಾರಿ ಆ ಕೀಗಳಲ್ಲಿ ಇರಲೇ ಇಲ್ಲ.

ವೈಶಾಖದ ಮಧ್ಯಾಹ್ನಗಳಲ್ಲಿ ಬೆಳಕವಾಡಿಯ ಬೀದಿ ತೊಳೆದಿಟ್ಟ ತಟ್ಟೆಯಂತೆ ಖಾಲಿ. ಅಷ್ಟು ಹತ್ತಿರ ಬ್ಲಫ್ ಇದ್ದರೂ ಕರೆಂಟು ಹನ್ನೆರಡಕ್ಕೆ ಹೋದರೆ ಮೂರಕ್ಕೆ ಬರುತ್ತಿತ್ತು. ಮೇಜಿನ ಬೆಳಕು ಆರಿದೊಡನೆ ಕೆಳಗಿನ ಹೆಂಗಸು ಮಾಯವಾಗುತ್ತಿದ್ದಳು, ಮೇಲಿನ ಅರ್ಧ ಬರೆದ ಹೆಂಗಸು ಮಾತ್ರ ಉಳಿಯುತ್ತಿದ್ದಳು. ಆಗ ನಾಗರತ್ನ ಹಾಳೆಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿನ ಬೆಳಕಿನಲ್ಲಿ ಮುಂದುವರಿಸುತ್ತಿದ್ದಳು.

ಒಂದು ದಿನ ಹಾಗೆ ನಲವತ್ತಮೂರನೆಯ ಚಿತ್ರ ಬರೆಯುತ್ತಿದ್ದಾಗ ಹಾಳೆಯ ಹಿಂದೆ ಒಂದು ನೆರಳು ದಾಟಿತು. ಗಾಜಿನಾಚೆ ಬೀದಿಯಲ್ಲಿ ಯಾರೋ ಹೋದಂತೆ. ಆ ನೆರಳು ಬಲಕ್ಕೆ ಒಮ್ಮೆ ಹಾರಿತು, ಮತ್ತೊಮ್ಮೆ ಹಾರಿತು, ಹಾಳೆಯ ಅಂಚಿನಿಂದ ಹೊರಗೆ ಹೋಯಿತು. ಅವಳು ಪೆನ್ಸಿಲು ಬಿಟ್ಟು ಹೊರಗೋಡಿ ಬಂದಳು. ಬಿಸಿಲು. ಎದುರು ಮನೆಯ ಜಗಲಿಯಲ್ಲಿ ಚಿಕ್ಕಬೋರಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

“ಈಗ ಯಾರು ಓದದ್ದು ಚಿಕ್ಕಬೋರಕ್ಕ?”

“ಈ ಬಿಸ್ಲಲ್ಲಿ ಯಾರವ್ವ ಓಯ್ತಾರೆ? ನಾಯಿನೂ ಒಂಟಿಲ್ಲ.” ಚಿಕ್ಕಬೋರಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. “ಅಲ್ಲಾ ಕಣಮ್ಮ, ನಿನ್ ಕಾಲ್ಗೇನಾಯ್ತು? ನಾಕು ದಿವ್ಸದಿಂದ ನೋಡ್ತಾ ಇವ್ನಿ, ಕುಂಟ್ತಾ ಇದ್ದೀಯಲ್ಲ? ಗಂಡ ಏನಾರ ವದ್ನಾ?”

“ಅಯ್ಯೋ ಇಲ್ಲಕ್ಕ.”

“ವದ್ರೆ ಏಳು. ನಾನೂ ನಾಕು ಬುಡ್ತೀನಿ ಅವ್ನಿಗೆ.”

ನಾಗರತ್ನ ಬಗ್ಗಿ ತನ್ನ ಕಾಲನ್ನು ನೋಡಿಕೊಂಡಳು. ತಾನು ಕುಂಟುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ಬರೆಯುವ ಮುಂಚೆ ಮನೆಯೊಳಗೆ ನಡೆದು ನೋಡುತ್ತಿದ್ದಳು, ಹೌದು. ಹಳೆಯ ಅಭ್ಯಾಸ. ಆದರೆ ಆ ನಡಿಗೆ ಮನೆಯ ಹೊಸಲು ದಾಟಿ ಬೀದಿಗೆ ಬಂದದ್ದು ಯಾವಾಗ? ಅಂದು ಸಂಜೆ ನೀರು ತರುವಾಗ ಗಮನವಿಟ್ಟು ನೆಟ್ಟಗೆ ಹೆಜ್ಜೆ ಇಟ್ಟಳು. ಗಮನ ತಪ್ಪಿದೊಡನೆ ಎಡಗಾಲು ತಾನೇ ಎತ್ತಿಕೊಳ್ಳುತ್ತಿತ್ತು. ನೋವಿರಲಿಲ್ಲ. ಯಾರದೋ ನೋವನ್ನು ಕಾಲು ಕಾಯುತ್ತಿದ್ದಂತೆ ಇತ್ತು.

ಅದಾದ ಮೂರನೆಯ ದಿನ, ಪೆನ್ಸಿಲು ಮುಗಿದು ಅಂಗಡಿಗೆ ಹೊರಟಳು. ನಡುಮಧ್ಯಾಹ್ನ. ಹಿಂದಿನ ಬೀದಿಯಲ್ಲಿ, ಹಳೆಯ ಹೆಂಚಿನ ಮನೆಯ ಜಗಲಿಯ ಮೇಲೆ ಹುಚ್ಚೀರಯ್ಯ ಕೂತಿದ್ದ. ತೊಂಬತ್ತಕ್ಕೆ ಎರಡು ಕಡಿಮೆ. ಎರಡು ಕಣ್ಣಿಗೂ ಪೊರೆ. ಬೆಳಕು, ಕತ್ತಲೆ, ಅಲುಗಾಡುವ ಆಕಾರ ಇಷ್ಟು ಬಿಟ್ಟರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ನಾಗರತ್ನ ಅವನನ್ನು ದಾಟಿ ಹತ್ತು ಹೆಜ್ಜೆ ಹೋಗಿದ್ದಳು.

“ಸಣ್ಣತಾಯಿ,” ಎಂದ ಮುದುಕ ಹಿಂದಿನಿಂದ. ಸಲಿಗೆಯ ದನಿ, ಬೆಳಿಗ್ಗೆ ತಾನೇ ಮಾತಾಡಿಸಿದ್ದವರನ್ನು ಮತ್ತೆ ಕಂಡಂತೆ. “ಕಾಲು ಕಟ್ಟಿಸ್ಕಂಡಾ?”

ನಾಗರತ್ನ ಎತ್ತಿದ ಹೆಜ್ಜೆಯನ್ನು ಅಲ್ಲೇ ಇಳಿಸಿದಳು. ಆ ಹೆಸರನ್ನು ಅವಳು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ನಿಧಾನವಾಗಿ ಹಿಂದಿರುಗಿ ಜಗಲಿಯ ಬಳಿ ಬಂದಳು. “ತಾತ, ನಾನು ಸಿದ್ದರಾಜು ಎಂಡ್ರು. ನಾಗರತ್ನ.”

“ಈಗ ಮಾತಾಡ್ತಾ ಇರೋಳು ನೀನು,” ಎಂದ ಹುಚ್ಚೀರಯ್ಯ. ಪೊರೆ ಬಂದ ಕಣ್ಣು ಅವಳ ಕಾಲಿನ ಕಡೆಗೇ ಇತ್ತು. “ನಡ್ಕಂಡು ಓದೋಳು ಅವ್ಳು.”

“ಯಾರು ತಾತ ಅವ್ಳು?”

ಮುದುಕ ಪಕ್ಕಕ್ಕೆ ಸರಿದು ಜಗಲಿಯಲ್ಲಿ ಜಾಗ ಮಾಡಿದ. ಆಮೇಲೆ, “ಕುಂತ್ಕೊ,” ಎಂದ. “ಐವತ್ತಾರು ವರ್ಸ ಯಾರ್ಗೂ ಏಳ್ನಿಲ್ಲ. ಅವ್ಳೇ ಎದ್ರಿಗೆ ಬಂದ್ಮೇಲೆ ಇನ್ನೇನು ಮುಚ್ಚದು.”

ಅವನು ಹೇಳಿದ್ದು ಇಷ್ಟು. ಸಣ್ಣತಾಯಮ್ಮನ ಗಂಡ ಸಿಟ್ಟಿನಲ್ಲಿ ಸೌದೆ ಬೀಸಿದ. ಎಡಗಾಲಿನ ಹರಡಿನ ಮೂಳೆ ಮುರಿಯಿತು. ಆ ಕಾಲಿನಲ್ಲೇ ಅವಳು ಒಂದು ವಾರ ಮುದ್ದೆ ತಿರುವಿದಳು, ನೀರು ಹೊತ್ತಳು. ಎಂಟನೆಯ ದಿನ ಮಧ್ಯಾಹ್ನ, ನಾಲೆಯಾಚೆ ಮೂಳೆ ಕಟ್ಟುವ ಮರಿಯಯ್ಯ ಎಂಬವನ ಹತ್ತಿರ ಹೋಗುತ್ತೇನೆಂದು ಹೊರಟಳು. ನಾಲೆಯ ಏರಿಯ ಮೇಲೆ ಹುಚ್ಚೀರಯ್ಯ ಎದುರಾಗಿದ್ದ.

“ಎಲ್ಗವ್ವ ಅಂದೆ. ‘ಕಾಲು ಕಟ್ಟಿಸ್ಕಂಡು ಬತ್ತೀನಿ ಅಣ್ಣ. ಮಗ ಒಸ್ಲ ಮೇಲೆ ಕುಂತದೆ. ದೀಪ ಅಚ್ಚೋ ಒತ್ಗೆ ಬತ್ತೀನಿ ಅಂದಿವ್ನಿ’ ಅಂದ್ಲು. ಓದ್ಲು.”

“ಆಮೇಲೆ?”

“ಎರಡು ದಿವ್ಸ ಆದ್ಮೇಲೆ ತೂಬಿನ ತಾವು ಸಿಕ್ಕಿದ್ಲು. ನೀರಲ್ಲಿ.” ಮುದುಕ ತನ್ನ ಎಡಗಾಲನ್ನು ಸವರಿಕೊಂಡ. “ಕಾಲಿಗೆ ಬಿದಿರ ದಬ್ಬೆ ಕಟ್ಟಿತ್ತು ಕಣವ್ವ. ಒಸಾ ಬಟ್ಟೆ ಸುತ್ತಿತ್ತು.”

ನಾಗರತ್ನಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ದಬ್ಬೆ ಕಟ್ಟಿತ್ತು ಎಂದರೆ ಮರಿಯಯ್ಯನ ಮನೆಗೆ ಹೋಗಿ ಆಗಿತ್ತು. ಅಲ್ಲಿಂದ ಹೊರಟು ಆಗಿತ್ತು.

“ವಾಪಸ್ ಬತ್ತಾ ಇದ್ಲಾ ತಾತ?”

“ಮನೇಗೇ ಬತ್ತಾ ಇದ್ಲು. ಕಟ್ಟಿದ ಕಾಲು ಏರಿ ಮೇಲೆ ಜಾರಿರ್ಬೇಕು.” ಅವನ ದನಿ ತೆಳುವಾಯಿತು. “ನಾವು ನಾಕು ಜನ ಎತ್ತಿದ್ದು. ಪೋಲೀಸ್ನೋರು ಬಂದ್ರೆ ಕಾಲು ನೋಡ್ತಾರೆ, ಎಂಗೆ ಮುರೀತು ಅಂತಾರೆ ಅಂತ ಅವ್ಳ ಗಂಡ ನಮ್ ಕಾಲು ಇಡ್ಕಂಡ. ಅಲ್ಲೇ ಏರಿ ಮಗ್ಗುಲಲ್ಲಿ ಮಣ್ಣು ಮಾಡ್ದೋ. ಮಗೀಗೆ ಏನೇಳದು ಅಂದೋ. ‘ಬುಟ್ಟೋದ್ಲು ಅನ್ರಿ’ ಅಂದ. ಅಂಗೇ ಅಂದೋ. ಆ ಮಗ ಎಲ್ಲವ್ನೋ, ಅವ್ನೋ ಇಲ್ವೋ.”

ನಾಗರತ್ನ ಪೆನ್ಸಿಲು ತರದೆ ಮನೆಗೆ ಬಂದಳು. ಮೇಜಿನ ಮೇಲೆ ಹದಿನೇಳನೆಯ ಕೀ ಹಾಗೆಯೇ ಇತ್ತು. ಎಡಪಾದ ನೆಲದ ಮೇಲೆ, ಆದರೆ ಸೊಂಟ ಆ ಕಾಲಿಗೆ ಬಂದಿಲ್ಲ. ಮೈಯೆಲ್ಲ ಬಲಗಾಲಿನಲ್ಲೇ ಉಳಿದಿದೆ. ಎಂಟು ವರ್ಷದ ಕಣ್ಣು ಕಂಡದ್ದನ್ನು ಅರವತ್ತೆರಡರ ಕೈ ಒಂದು ಕೂದಲೂ ತಪ್ಪದೆ ಇಳಿಸಿಟ್ಟಿತ್ತು. ಬರೆದವನಿಗೆ ಮಾತ್ರ ಅದು ತಿಳಿದಿರಲಿಲ್ಲ. ಉಳಿದ ಚಿತ್ರಗಳನ್ನು ಅವಳು ಇನ್ನು ಕೈಯನ್ನು ತಡೆಯದೆ ಬರೆದಳು.

ಮುಗಿದ ಮೇಲೆ ಎರಡು ಕಟ್ಟುಗಳನ್ನೂ ಚೀಲದಲ್ಲಿ ಹಾಕಿಕೊಂಡು ಮಳವಳ್ಳಿಗೆ ಬಂದು ಮದ್ದೂರಿನ ಬಸ್ಸು ಹತ್ತಿದಳು. ತೇಲುವವಳು ಒಂದು ಕಟ್ಟು, ಕುಂಟುವವಳು ಇನ್ನೊಂದು.

ಗಗನ ಎರಡು ಕಟ್ಟಿನ ಫೋಟೊಗಳನ್ನೂ ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ಮೇಷ್ಟ್ರನ್ನು ತೆರೆಯ ಹತ್ತಿರಕ್ಕೆ ಸರಿಸಿದಳು. ಮೊದಲ ಕಟ್ಟು ಓಡಿತು.

“ನಾನೇ ಸಮವಾಗಿ ಹಾಕು ಅಂದಿದ್ದೆ, ಅಲ್ವಾ?” ಎಂದರು ಅವರು. “ಇದು ನಮ್ಮವ್ವ ಅಲ್ಲ. ಇದು ನಾನು ಇಷ್ಟು ವರ್ಷ ಬಯ್ಕೊಂಡು ಬಂದೋಳು. ಇನ್ನೊಂದು ಹಾಕು.”

ಎರಡನೆಯದು ಓಡಿತು. ಒಂಬತ್ತು ಸೆಕೆಂಡು. ಅವರು ಮತ್ತೆ ಎಂದರು. ಮತ್ತೆ ಓಡಿತು. ಅವರ ಸರಿಯಿದ್ದ ಎಡಗಾಲು ಕುರ್ಚಿಯ ಕೆಳಗೆ ಒಮ್ಮೆ ಮೇಲಕ್ಕೆ ಹಾರಿತು.

“ಯಾಕೆ ಕುಂಟಿಸಿದೆ?” ದನಿಯಲ್ಲಿ ಹಳೆಯ ಸ್ಟುಡಿಯೊದ ಸಿಟ್ಟಿತ್ತು. “ಕೀಯಲ್ಲಿ ಇಲ್ಲದ್ದನ್ನ ಸೇರಿಸಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ?”

“ಸೇರಿಸಿಲ್ಲ ಮೇಷ್ಟ್ರೇ.” ಅವಳು ಹದಿನೇಳನೆಯ ಹಾಳೆಯನ್ನು ಅವರ ಎಡಗೈಗೆ ಕೊಟ್ಟಳು. “ಸೊಂಟ ನೋಡಿ. ನೀವೇ ಬರೆದಿರಾದು.”

ಅವರು ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡಂತೆ ಹಿಡಿದು ನೋಡಿದರು. ಮೂವತ್ತಮೂರನೆಯದನ್ನು ಕೇಳಿದರು. ನಲವತ್ತೊಂಬತ್ತನ್ನು ಕೇಳಿದರು. ಎಡಗಾಲಿನ ಕೀಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ ಹಾಳೆಗಳು ತೊಡೆಯಿಂದ ಒಂದೊಂದಾಗಿ ನೆಲಕ್ಕೆ ಜಾರಿದವು.

ನಾಗರತ್ನ ಹುಚ್ಚೀರಯ್ಯ ಹೇಳಿದ್ದನ್ನು ಹೇಳಿದಳು. ಏನನ್ನೂ ಮೆತ್ತಗೆ ಮಾಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಸೌದೆ, ನಾಲೆ, ಬಿದಿರ ದಬ್ಬೆ, ದೀಪ ಹಚ್ಚುವ ಹೊತ್ತು. ಗಗನ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಮೇಷ್ಟ್ರು ಅಳಲಿಲ್ಲ. ತುಟಿ ಮಾತ್ರ ಏನನ್ನೋ ಎಣಿಸುತ್ತಿರುವಂತೆ ಆಡುತ್ತಿತ್ತು.

“ದೀಪ ಹಚ್ಚೋ ಹೊತ್ತಿಗೆ,” ಎಂದರು ಕೊನೆಗೆ. “ಅದನ್ನ ನಂಗೂ ಹೇಳಿದ್ಲು. ಈಗ ಕೇಳಿಸ್ತಾ ಅದೆ. ಅವತ್ತು ದೀಪ ಹಚ್ಚಿದ್ದನ್ನ ನೋಡಿದ್ದೆ ಕಣಮ್ಮ. ನೋಡಿ, ಅವಳ ಮೇಲೆ ಸಿಟ್ಟು ಮಾಡ್ಕೊಂಡೆ. ಅಲ್ಲಿಂದ ಶುರುವಾದ ಸಿಟ್ಟು.”

ಗಗನಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಪ್ಪನಿಗೆ ಸಮಾಧಾನವಾಗಲೆಂದು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. “ಅಪ್ಪ, ಇಲ್ಲಿ ನೋಡು. ಉಲ್ಟಾ ಓಡಿಸ್ತೀನಿ. ಅಜ್ಜಿ ವಾಪಸ್ ಬರ್ತಾರೆ.”

ಓಣಿಯ ತುದಿಯಿಂದ ಹೆಂಗಸು ಬಂದಳು. ಬೆನ್ನು ಮುಂದಾಗಿ ಬಂದಳು. ಹಿಮ್ಮಡಿ ಮೊದಲು, ತುರುಬು ಮೊದಲು, ಹೆಜ್ಜೆಹೆಜ್ಜೆಗೂ ದೊಡ್ಡದಾಗುತ್ತ, ಮುಖವನ್ನು ಆಚೆಗೇ ಇಟ್ಟುಕೊಂಡು ನೇರ ಅವರ ಮೂವರ ಮೇಲೆ ಬಂದಳು. ಬೆನ್ನು ತೆರೆಯ ತುಂಬ ಆದಾಗ ಗಗನ ತಾನೇ ಕಿರುಚಿ ಲ್ಯಾಪ್‌ಟಾಪನ್ನು ಮುಚ್ಚಿದಳು.

“ಹಂಗೆಲ್ಲ ಬರಲ್ಲ ಕಣಮ್ಮ,” ಎಂದರು ಮೇಷ್ಟ್ರು ಮಗಳಿಗೆ. ದನಿ ವಿಚಿತ್ರವಾಗಿ ಶಾಂತವಾಗಿತ್ತು. “ಹೋಗೋ ನಡಿಗೆ ತಿರುಗಿಸಿದ್ರೆ ಬರೋ ನಡಿಗೆ ಆಗಲ್ಲ. ಬರೋದೇ ಬೇರೆ. ಆ ದಬ್ಬೆ ಕಟ್ಟಿದ ಕಾಲು ಮಡಿಯಲ್ಲ, ಬೀಸಿ ಇಡಬೇಕು. ಏರಿ ಮೇಲೆ ಒಂದು ಕಡೆ ನೀರು. ಬೇಗ ಬೇರೆ ಬರಬೇಕು, ಹೊತ್ತಾಗ್ತದೆ.” ನಾಗರತ್ನಳ ಕಡೆ ತಿರುಗಿದರು. “ಹಾಳೆ ಹಾಕು.”

“ನಾನಾ? ಕೀ ಬರೆಯೋಕೆ ನಂಗೆ ಬರಲ್ಲ ಮೇಷ್ಟ್ರೇ.”

“ಬರೆಯೋನು ನಾನು. ನೀನು ಹಾಳೆ ಕೂರಿಸು.”

ಅವಳು ಮೇಷ್ಟ್ರ ಹಳೆಯ ಗೂಟದ ಪಟ್ಟಿಯನ್ನು ಮರದ ಹಲಗೆಗೆ ಅಂಟಿಸಿ, ಅವರ ಮೊಣಕಾಲಿನ ಮೇಲಿಟ್ಟು, ಬಿಳಿ ಹಾಳೆಯ ತೂತುಗಳನ್ನು ಗೂಟಕ್ಕೆ ಒತ್ತಿದಳು. ಪೆನ್ಸಿಲನ್ನು ಎಡಗೈಗೆ ಕೊಟ್ಟಳು. ಜೀವಮಾನದಲ್ಲಿ ಒಂದು ಗೆರೆಯನ್ನೂ ಎಳೆಯದ ಕೈ ಅದು. ಬೆರಳುಗಳು ಪೆನ್ಸಿಲನ್ನು ಸೌಟಿನಂತೆ ಹಿಡಿದವು. ಮೊದಲ ಗೆರೆ ನಡುಗಿ ಓಡಿತು. ಏರಿ. ಎರಡನೆಯ ಗೆರೆ, ನೀರು. ಅವರು ಉಸಿರು ಕಟ್ಟಿ ಎಳೆಯುತ್ತಿದ್ದರು, ಗೆರೆ ಮುಗಿದಾಗ ಬಿಡುತ್ತಿದ್ದರು. ಏರಿಯ ಬಹಳ ದೂರದ ತುದಿಯಲ್ಲಿ ಒಂದು ಕಾಳಿನಷ್ಟು ಗುರುತು ಬಿತ್ತು. ಇನ್ನೊಂದು ಹಾಳೆಯಲ್ಲಿ ಆ ಕಾಳಿಗೆ ಎರಡು ಕಾಲು ಬಂದವು. ಒಂದು ನೆಟ್ಟಗೆ, ಕಡ್ಡಿಯಂತೆ. ಸೊಂಟ ಎಲ್ಲಿ ವಾಲಬೇಕೋ ಅಲ್ಲಿಯೇ ವಾಲಿತು. ಕೈ ಹೊಸದಾದರೂ ಭಾರ ಎಲ್ಲಿದೆ ಎಂಬುದನ್ನು ಅದು ಮರೆತಿರಲಿಲ್ಲ.

ಕತ್ತಲಾಗುತ್ತ ಬಂತು. ಗಗನ ಎದ್ದು ಲೈಟು ಹಾಕಿದಳು. ನಾಗರತ್ನ ಕೊನೆಯ ಬಸ್ಸಿನ ಯೋಚನೆ ಬಿಟ್ಟು, ನಡುಗುವ ಗೆರೆಗಳ ಎರಡು ಕೀಗಳ ಮೇಲೆ ತನ್ನ ಹಾಳೆಯನ್ನಿಟ್ಟುಕೊಂಡಳು. ಆ ನಡುಕವನ್ನು ತಿದ್ದುವುದು ಬೇಡವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬರೆಯುತ್ತ ಬರೆಯುತ್ತ ಒಂದು ಅಳುಕು ಅವಳನ್ನು ಹಿಡಿಯಿತು. ಈ ಸಲ ಹೆಂಗಸು ಇತ್ತ ತಿರುಗಿ ಬರುತ್ತಿದ್ದಳು.

“ಮೇಷ್ಟ್ರೇ,” ಎಂದಳು ಮೆಲ್ಲಗೆ. “ಮುಖ?”

ಅವರು ತಲೆಯೆತ್ತಲಿಲ್ಲ. ಮುಂದಿನ ಹೆಜ್ಜೆ ಎಳೆಯುತ್ತಿದ್ದರು.

“ಇನ್ನೂ ದೂರದಲ್ಲವ್ಳೆ,” ಎಂದರು. “ಹತ್ತಿರ ಬರ್ಲಿ.”